ಪಾತ್ರದೊಳಗೆ ಎಷ್ಟು ಇಳಿಯಬೇಕು? ಓಪನ್ ವರ್ಲ್ಡ್ ಫ್ಯಾಂಟಸಿ ಗೇಮ್ ಆಡುವವರಿಗೆ ಒಂದು ಹೋಲಿಕೆ

2011ರಲ್ಲಿ ಬಂದ ಸ್ಕೈರಿಮ್ ಎಂಬ ಗೇಮ್‌ನಲ್ಲಿ ರಿವರ್‌ವುಡ್ ಎಂಬ ಪುಟ್ಟ ಊರಿದೆ. ಅಲ್ಲಿ ಫೇಂಡಾಲ್ ಎಂಬ ಬಿಲ್ಲುಗಾರನಿದ್ದಾನೆ. ಹಣ ಕೊಟ್ಟರೆ ಬಿಲ್ವಿದ್ಯೆ ಹೇಳಿಕೊಡುತ್ತಾನೆ. ಅವನ ಪ್ರೇಮ ಪ್ರಕರಣದಲ್ಲಿ ಅವನ ಪಕ್ಷ ವಹಿಸಿದರೆ ಸಂಗಾತಿಯಾಗಿ ಜೊತೆಗೆ ಬರಲೂ ಒಪ್ಪುತ್ತಾನೆ. ಸಂಗಾತಿಯ ಚೀಲವನ್ನು ಆಟಗಾರ ತೆರೆದು ನೋಡಬಹುದು, ಬೇಕಾದದ್ದನ್ನು ತೆಗೆದುಕೊಳ್ಳಬಹುದು. ಹಾಗಾಗಿ ಪಾಠಕ್ಕೆಂದು ಕೊಟ್ಟ ನಾಣ್ಯಗಳನ್ನು ಪಾಠ ಮುಗಿದ ಮರುಕ್ಷಣವೇ ಗುರುವಿನ ಚೀಲದಿಂದ ಹಿಂದಕ್ಕೆ ಪಡೆದು, ಅದೇ ಹಣದಲ್ಲಿ ಮುಂದಿನ ಪಾಠವನ್ನೂ ಕಲಿಯಬಹುದು. ಫೇಂಡಾಲ್ ಚಕಾರ ಎತ್ತುವುದಿಲ್ಲ. ಆಟವೂ ತಡೆಯುವುದಿಲ್ಲ.

ಒಬ್ಬ ಆಟಗಾರ ಇದನ್ನು ಕಂಡುಕೊಂಡು ಸಂತೋಷದಿಂದ ಬಳಸುತ್ತಾನೆ. ಇನ್ನೊಬ್ಬಳು, ತನ್ನ ಪಾತ್ರ ಕಳ್ಳಿಯಾಗಿರುವುದರಿಂದ, ಬಳಸಿ ಹೆಮ್ಮೆಪಡುತ್ತಾಳೆ. ಮತ್ತೊಬ್ಬ, ಗುರುವಿನ ಜೇಬಿಗೆ ಕೈ ಹಾಕುವವನು ತನ್ನ ಪಾತ್ರವಲ್ಲವೆಂದು, ಬೇಟೆಯಾಡಿ ಚರ್ಮ ಮಾರಿ ಹಣ ಕೂಡಿಸುತ್ತಾನೆ. ಮೂವರೂ ಸರಿಯಾಗಿಯೇ ಆಡುತ್ತಿದ್ದಾರೆ. ರೋಲ್‌ಪ್ಲೇಯ, ಅಂದರೆ ಪಾತ್ರವೇ ತಾನಾಗಿ ಯೋಚಿಸಿ ಆಡುವುದರ, ಆಳವನ್ನು ಅಳೆಯುವಾಗ ನಾನು ನಂಬುವ ಅಳತೆ ಒಂದೇ: ಆಟ ಸುಲಭವಾಗಿ ಕೊಡುವ ಲಾಭವನ್ನು, ತಾನು ಯಾರೆಂಬ ಕಾರಣಕ್ಕಾಗಿ, ನಿಮ್ಮ ಪಾತ್ರ ಬೇಡವೆನ್ನುತ್ತದೆಯೇ? ಎಷ್ಟು ಬಾರಿ, ಎಷ್ಟು ದೊಡ್ಡ ಲಾಭವನ್ನು? ಪಾತ್ರಕ್ಕೆ ಬರೆದ ಪೂರ್ವಕಥೆ ಎಷ್ಟು ಪುಟವಿದೆ, ಆಟದಲ್ಲಿ ದಿನಕ್ಕೆ ಎಷ್ಟು ಬಾರಿ ಊಟ ಮಾಡಿಸುತ್ತೀರಿ ಎಂಬುದೆಲ್ಲ ಆಮೇಲಿನ ಮಾತು.

ಬೆಂಗಳೂರಿನಲ್ಲಿ ಕೆಲಸ ಮಾಡುತ್ತ, ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಸಂಜೆ ಕಳೆದು, ರಾತ್ರಿ ಊಟದ ನಂತರ ಒಂದು ಗಂಟೆ ಆಡಲು ಕೂರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಪಾತ್ರದೊಳಗೆ ಇಳಿಯಲು ಸಮಯ ಬೇಕು. ಒಂದು ಗಂಟೆಗೆ ಹೊಂದುವ ಆಳವೇ ಬೇರೆ, ಭಾನುವಾರದ ಇಡೀ ಮಧ್ಯಾಹ್ನಕ್ಕೆ ಹೊಂದುವ ಆಳವೇ ಬೇರೆ.

ಪಾತ್ರವಿಲ್ಲದೆ ಆಡುವುದು

ಇದನ್ನು ಕೀಳಾಗಿ ಕಾಣುವವರಿದ್ದಾರೆ; ನಾನು ಆ ಪೈಕಿ ಅಲ್ಲ. ಲೋಕವನ್ನು ಸುತ್ತಬೇಕು, ಗುಹೆಗಳನ್ನೆಲ್ಲ ಬರಿದು ಮಾಡಬೇಕು, ಒಳ್ಳೆಯ ಆಯುಧ ಕೈಗೆ ಸಿಗಬೇಕು ಎಂಬುದೇ ನಿಮ್ಮ ಆಸೆಯಾದರೆ ಪಾತ್ರದ ನಿಯಮಗಳು ಕಾಲಿಗೆ ತೊಡರುತ್ತವೆ. ಸ್ಕೈರಿಮ್‌ನಲ್ಲಿ ಡೇಡ್ರಾ ಎಂಬ ದೈವಗಳ 15 ವಸ್ತುಗಳನ್ನು ಸಂಗ್ರಹಿಸಿದವರಿಗೆ ಒಂದು ಬಿರುದು ದೊರೆಯುತ್ತದೆ. ಆ ವಸ್ತುಗಳ ಪೈಕಿ ಒಂದಾದ ಎಬನಿ ಕವಚ ಬೇಕಾದರೆ ಬೋಥಾಯಾ ಎಂಬ ದೈವಕ್ಕೆ, ನಿಮ್ಮನ್ನು ನಂಬಿ ಬಂದ ಸಂಗಾತಿಯನ್ನು ಬಲಿ ಕೊಡಬೇಕು. ಬಿರುದಿನ ಹಿಂದೆ ಬಿದ್ದವರು ಕೊಡುತ್ತಾರೆ. ಪಾತ್ರದ ಹಿಂದೆ ಬಿದ್ದವರಲ್ಲಿ ಬಹಳ ಮಂದಿ ಕೊಡಲಾರರು. ಎರಡೂ ಬೇಕೆನ್ನುವವರು ಎರಡು ಬೇರೆ ಪಾತ್ರಗಳನ್ನು ಕಟ್ಟುವುದು ಒಳಿತು.

ಈ ಬಗೆಯ ಆಟಕ್ಕೆ 2022ರ ಎಲ್ಡನ್ ರಿಂಗ್ ಹೇಳಿ ಮಾಡಿಸಿದಂತಿದೆ. ಆರಂಭಕ್ಕೆ 10 ವರ್ಗಗಳಿವೆ, ಕೊನೆಗೆ ಹಲವು ಅಂತ್ಯಗಳಿವೆ, ಆದರೆ ನಡುವೆ ನೀವು ಯಾರೆಂದು ಆ ಲೋಕ ಬಹಳವಾಗಿ ಕೇಳುವುದಿಲ್ಲ. ಮಾತಿನ ಆಯ್ಕೆಗಳು ಕಡಿಮೆ. ಅಲ್ಲಿ ಕೈಚಳಕವೇ ಮುಖ್ಯ.

ಎರಡು ಮೂರು ನಿರಾಕರಣೆಗಳ ಪಾತ್ರ

ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಪೂರ್ವಕಥೆ ಎರಡು ವಾಕ್ಯ ಸಾಕು. ಅದರ ಜೊತೆಗೆ ಪಾತ್ರ ಮಾಡುವುದೇ ಇಲ್ಲ ಎಂಬ ಎರಡು ಅಥವಾ ಮೂರು ಸಂಗತಿಗಳನ್ನು ಗಟ್ಟಿ ಮಾಡಿಕೊಳ್ಳಿ. ಉದಾಹರಣೆಗೆ, ವಿಂಟರ್‌ಹೋಲ್ಡ್ ಎಂಬ ಊರಿನ ಮಂತ್ರವಿದ್ಯಾಲಯದಲ್ಲಿ ಓದಲೆಂದು ದೂರದಿಂದ ಬಂದ, ಬ್ರೆಟನ್ ಜನಾಂಗದ ಹುಡುಗಿ. ಅವಳು ಬಿಲ್ಲು ಹಿಡಿಯುವುದಿಲ್ಲ. ಸತ್ತವರನ್ನು ಮಂತ್ರದಿಂದ ಎಬ್ಬಿಸುವುದಿಲ್ಲ. ಬೇರೆಯವರ ಮನೆಯ ಪುಸ್ತಕ ಓದುತ್ತಾಳೆ, ಆದರೆ ಎತ್ತಿಕೊಂಡು ಹೋಗುವುದಿಲ್ಲ.

"ಮಾಡುತ್ತೇನೆ" ಎಂಬ ಪಟ್ಟಿಗಿಂತ "ಮಾಡುವುದಿಲ್ಲ" ಎಂಬ ಪಟ್ಟಿ ಏಕೆ ಉತ್ತಮ? ಕಾರಣ ಸ್ಕೈರಿಮ್‌ನ ರಚನೆಯಲ್ಲೇ ಇದೆ. ಅಲ್ಲಿ 18 ಕೌಶಲಗಳಿವೆ, ಬಳಸಿದ ಕೌಶಲ ಬೆಳೆಯುತ್ತದೆ. ಅಡಗಿ ಕುಳಿತು ದೂರದಿಂದ ಬಾಣ ಬಿಡುವುದು ಎಲ್ಲಕ್ಕಿಂತ ಸುರಕ್ಷಿತವಾದ ದಾರಿ. ಹಾಗಾಗಿ ಮಂತ್ರವಾದಿಯಾಗಿ ಹೊರಟವರೂ, ಎರಡು ಕೈಯ ಕೊಡಲಿ ಹಿಡಿದು ಹೊರಟವರೂ ನಿಧಾನವಾಗಿ ಕತ್ತಲಲ್ಲಿ ಕೂತ ಬಿಲ್ಲುಗಾರರಾಗಿಬಿಡುತ್ತಾರೆ. ಈ ಆಟ ಆಡಿದವರ ನಡುವೆ ಇದು ಮನೆಮಾತು. "ಅವಳು ಮಂತ್ರ ಬಳಸುತ್ತಾಳೆ" ಎಂಬ ನಿಯಮ ಈ ಸೆಳೆತವನ್ನು ತಡೆಯಲಾರದು. ಮಂತ್ರದ ಜೊತೆಗೆ ಬಿಲ್ಲೂ ಕೈಗೆ ಬಂದೇ ಬರುತ್ತದೆ. "ಅವಳು ಬಿಲ್ಲು ಹಿಡಿಯುವುದಿಲ್ಲ" ಎಂಬುದು ತಡೆಯುತ್ತದೆ. ಆಗ ದೂರದಲ್ಲಿರುವ ಶತ್ರುವಿಗಾಗಿ ಬೇರೆ ಉಪಾಯ ಹುಡುಕಬೇಕಾಗುತ್ತದೆ. ಆ ಉಪಾಯಗಳು ಒಂದೊಂದಾಗಿ ಸೇರಿ ಅವಳದೇ ಆದ ಹೋರಾಟದ ರೀತಿ ಮೂಡುತ್ತದೆ.

ಬನಶಂಕರಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಆಡುವ ಪಾತ್ರಕ್ಕೆ ನಿಯಮ ಒಂದೇ: ಕೊಟ್ಟ ಮಾತಿಗೆ ತಪ್ಪುವುದಿಲ್ಲ. ಕೇಳಲು ಸರಳ. ಆದರೆ ಸ್ಕೈರಿಮ್‌ನಲ್ಲಿ ಹಾದಿಯಲ್ಲಿ ಸಿಕ್ಕವರೆಲ್ಲ ಏನಾದರೊಂದು ಕೆಲಸ ಹೇಳುತ್ತಾರೆ, ಬಹಳಷ್ಟು ಆಟಗಾರರು ಕಣ್ಣು ಮುಚ್ಚಿ ಹೂಂ ಎನ್ನುತ್ತಾರೆ, ಒಪ್ಪಿಕೊಂಡ ಕೆಲಸಗಳ ಪಟ್ಟಿಯಾದ ಜರ್ನಲ್ ತುಂಬುತ್ತ ಹೋಗುತ್ತದೆ. ಅವಳು ಹಾಗೆ ಮಾಡುವಂತಿಲ್ಲ. ಎದುರಿನವರು ಏನು ಕೇಳುತ್ತಿದ್ದಾರೆಂದು ಪೂರ್ತಿ ಕೇಳಿಸಿಕೊಳ್ಳಬೇಕು, ಆಗುವುದೋ ಇಲ್ಲವೋ ಯೋಚಿಸಬೇಕು, ಆಗದಿದ್ದರೆ ಮಾತು ಮುಗಿಸಿ ಎದ್ದು ಬರಬೇಕು. ಅವಳ ಜರ್ನಲ್‌ನಲ್ಲಿ ಕ್ವೆಸ್ಟ್‌ಗಳು, ಅಂದರೆ ಹೀಗೆ ಒಪ್ಪಿಕೊಂಡ ಕೆಲಸಗಳು, ಬೆರಳೆಣಿಕೆಯಷ್ಟು, ಆದರೆ ಪ್ರತಿಯೊಂದೂ ಯಾರದು, ಏಕೆ ಎಂದು ಅವಳಿಗೆ ನೆನಪಿದೆ. ಒಂದೇ ನಿಯಮದಿಂದ ಆಟದ ಮಾತುಗಳಿಗೆಲ್ಲ ತೂಕ ಬಂದಿತು. ಈಗ ಬೇರೆ ಯಾರಾದರೂ ಎಲ್ಲಿಂದ ಆರಂಭಿಸಲಿ ಎಂದು ಕೇಳಿದರೆ ನಾನು ಈ ನಿಯಮವನ್ನೇ ಹೇಳುತ್ತೇನೆ.

ಈ ಆಳದಲ್ಲಿ ಆಡುವವರು ಒಂದು ಅಭ್ಯಾಸ ಬೆಳೆಸಿಕೊಳ್ಳಬೇಕು: ಮುಗಿಯದ ಕ್ವೆಸ್ಟನ್ನು ಸಹಿಸುವುದು. ಕಥೆಯ ಒಂದು ಹಂತದಲ್ಲಿ ಬ್ಲೇಡ್ಸ್ ಎಂಬ ಪಂಗಡದವರು ಪಾರ್ಥರ್ನಾಕ್ಸ್ ಎಂಬ ವೃದ್ಧ ಡ್ರ್ಯಾಗನ್‌ನನ್ನು ಕೊಲ್ಲಲೇಬೇಕೆಂದು ಹಟ ಹಿಡಿಯುತ್ತಾರೆ. ಕೊಲ್ಲುವವರೆಗೆ ನಿಮಗೆ ನೆರವು ಇಲ್ಲ ಎನ್ನುತ್ತಾರೆ. ಅವನು ನಿಮಗೆ ವಿದ್ಯೆ ಕಲಿಸಿದವನು. "ಕೊಲ್ಲುವುದಿಲ್ಲ" ಎಂದು ಹೇಳಿ ಕ್ವೆಸ್ಟನ್ನು ಮುಗಿಸುವ ದಾರಿಯನ್ನು ಆಟ ಕೊಟ್ಟಿಲ್ಲ. ಕೊಲ್ಲದಿದ್ದರೆ ಅದು ಜರ್ನಲ್‌ನಲ್ಲಿ ಹಾಗೆಯೇ ಉಳಿಯುತ್ತದೆ. ಪಟ್ಟಿ ಖಾಲಿಯಾಗಲಿ ಎಂಬ ಒಂದೇ ಕಾರಣಕ್ಕೆ ಅವನ ಮೇಲೆ ಕತ್ತಿ ಎತ್ತಿದವರು ಬಹಳ. ನಿಮ್ಮ ಪಾತ್ರಕ್ಕೆ ಅದು ಒಪ್ಪದಿದ್ದರೆ ಉಳಿಯಲಿ ಬಿಡಿ; ಆ ಒಂದು ಸಾಲು ಅಲ್ಲಿ ಉಳಿದಿರುವುದೇ ನಿಮ್ಮ ಪಾತ್ರ ಕೊಟ್ಟ ಉತ್ತರ.

ಹಸಿವು, ಚಳಿ, ನಿದ್ದೆ

ರೋಲ್‌ಪ್ಲೇ ಎಂದೊಡನೆ ಹಲವರು ಮೊದಲು ಹುಡುಕುವುದು ಹಸಿವು ಮತ್ತು ಚಳಿಯ ವ್ಯವಸ್ಥೆಯನ್ನು. ಸ್ಕೈರಿಮ್‌ನ ಸರ್ವೈವಲ್ ಮೋಡ್ 2017ರಲ್ಲಿ ಬಂದಿತು. 2021ರ ನವೆಂಬರ್‌ನಿಂದ ಆಟದ ಸ್ಪೆಷಲ್ ಎಡಿಷನ್ ಎಂಬ ಆವೃತ್ತಿ ಇರುವವರಿಗೆಲ್ಲ ಉಚಿತ. ಅದನ್ನು ಆನ್ ಮಾಡಿದರೆ ಹಸಿವು, ಆಯಾಸ, ಚಳಿ ಮೂರೂ ಕಾಡುತ್ತವೆ. ಗಾಯ ತಾನಾಗಿ ಮಾಯುವುದಿಲ್ಲ. ಮಲಗಿ ಎದ್ದರಷ್ಟೇ ಲೆವೆಲ್ ಏರುತ್ತದೆ. ಹೊರುವ ಭಾರ ಕಡಿಮೆಯಾಗುತ್ತದೆ. ನಕ್ಷೆಯ ಮೇಲೆ ಒತ್ತಿ ಹಾರುವ ಫಾಸ್ಟ್ ಟ್ರಾವೆಲ್ ಇರುವುದಿಲ್ಲ.

ಇದು ದೇಹವನ್ನು ಆಡಿಸುತ್ತದೆ, ಪಾತ್ರವನ್ನಲ್ಲ. ಹಸಿವು ಕಳ್ಳನಿಗೂ ಒಂದೇ, ಸಂತನಿಗೂ ಒಂದೇ. ಆಗಾಗ ಬ್ರೆಡ್ ತಿನ್ನಿಸುವುದರಿಂದ ನಿಮ್ಮ ಪಾತ್ರ ಯಾರೆಂಬುದು ಸ್ಪಷ್ಟವಾಗುವುದಿಲ್ಲ. ಹಸಿದಾಗ ಅದು ಭಿಕ್ಷುಕನಿಗೆ ಕೊಡಬೇಕೆಂದಿದ್ದ ನಾಣ್ಯದಲ್ಲಿ ಊಟ ಕೊಳ್ಳುತ್ತದೆಯೇ, ಯಾರೂ ಇಲ್ಲದ ಮನೆಯ ಅಡುಗೆಮನೆಗೆ ನುಗ್ಗುತ್ತದೆಯೇ ಎಂಬಲ್ಲಿ ಸ್ಪಷ್ಟವಾಗುತ್ತದೆ. ಹಸಿವಿನ ವ್ಯವಸ್ಥೆ ಅಂಥ ಸಂದರ್ಭಗಳನ್ನು ತಂದೊಡ್ಡಬಲ್ಲದು, ಅಷ್ಟೇ. ಆಮೇಲಿನದು ನಿಮ್ಮ ಕೈಯಲ್ಲಿದೆ. ಒಂದು ಗಂಟೆ ಮಾತ್ರ ಆಡುವವರಿಗೆ ಅದರಲ್ಲಿ ಒಳ್ಳೆಯ ಪಾಲು ಅಡುಗೆಗೂ ಬೆಂಕಿ ಕಾಯಿಸುವುದಕ್ಕೂ ಹೋಗುತ್ತದೆ. ಇದು ಅವರಿಗೆ ಲಾಭದ ಬಾಬತ್ತಲ್ಲ.

ಅದರ ಬದಲು ಒಂದೇ ಒಂದನ್ನು ತೆಗೆದುಕೊಳ್ಳಿ: ಫಾಸ್ಟ್ ಟ್ರಾವೆಲ್ ಬಿಡಿ. ಸ್ಕೈರಿಮ್‌ನಲ್ಲಿ 5 ದೊಡ್ಡ ಊರುಗಳ ಲಾಯಗಳ ಬಳಿ ಕುದುರೆಗಾಡಿ ನಿಂತಿರುತ್ತದೆ, ಬಾಡಿಗೆ ಕೊಟ್ಟು ಹೋಗಬಹುದು. ಉಳಿದ ಕಡೆ ನಡೆಯಿರಿ. ದಾರಿ ಉದ್ದವಾದಾಗ ಯಾವ ಕೆಲಸಕ್ಕಾಗಿ ಅಷ್ಟು ದೂರ ಹೋಗಬೇಕು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಆ ಪ್ರಶ್ನೆಗೆ ಉತ್ತರಿಸುವುದು ಪಾತ್ರವೇ. 2024ರ ಡ್ರ್ಯಾಗನ್ಸ್ ಡಾಗ್ಮಾ 2 ಇದನ್ನು ಇಡೀ ಆಟದ ಬೆನ್ನೆಲುಬಾಗಿ ಮಾಡಿಕೊಂಡಿದೆ. ಅಲ್ಲಿ ಊರಿಂದೂರಿಗೆ ಎತ್ತಿನ ಗಾಡಿಗಳಿವೆ, ದಾರಿಯಲ್ಲಿ ಅವುಗಳ ಮೇಲೂ ದಾಳಿಯಾಗಬಹುದು. ತಟ್ಟನೆ ಹಾರಲು ಬಳಸುವ ಕಲ್ಲುಗಳು ದುಬಾರಿ. ನಡೆಯುವುದರಲ್ಲಿ ಸುಖ ಕಾಣುವವರಿಗೆ ಅದಕ್ಕಿಂತ ಒಳ್ಳೆಯದು ಸದ್ಯಕ್ಕೆ ನನಗೆ ತೋಚುತ್ತಿಲ್ಲ.

ಕ್ವೆಸ್ಟ್ ಮಾರ್ಕರ್, ಅಂದರೆ ಹೋಗಬೇಕಾದ ಜಾಗವನ್ನು ತೆರೆಯ ಮೇಲೆ ತೋರಿಸುವ ಗುರುತು, ತೆಗೆದುಹಾಕುವ ಬಗ್ಗೆ ಒಂದು ಎಚ್ಚರಿಕೆ. ಪಾತ್ರಕ್ಕೆ ಕಾಣದ ಬಾಣದ ಗುರುತು ನನಗೇಕೆ ಎಂಬ ವಾದ ಆಕರ್ಷಕವಾಗಿದೆ. 2002ರ ಮಾರೋವಿಂಡ್‌ನಲ್ಲಿ ಅದು ನಡೆಯುತ್ತದೆ, ಏಕೆಂದರೆ ಅಲ್ಲಿ ಮಾರ್ಕರ್ ಇಲ್ಲವೇ ಇಲ್ಲ; ಸೇತುವೆ ದಾಟಿ ಉತ್ತರಕ್ಕೆ ಹೋಗು, ಎಡಕ್ಕೆ ಗುಡ್ಡ ಕಂಡಾಗ ತಿರುಗು ಎಂದು ಜನ ದಾರಿ ಹೇಳುತ್ತಾರೆ, ಅದು ಜರ್ನಲ್‌ನಲ್ಲಿ ದಾಖಲಾಗುತ್ತದೆ. ಸ್ಕೈರಿಮ್‌ನಲ್ಲಿ ಬಹುಪಾಲು ಜನ ದಾರಿ ಹೇಳುವುದೇ ಇಲ್ಲ, ಮಾರ್ಕರ್ ಇದೆಯೆಂಬ ಭರವಸೆಯ ಮೇಲೆ ಅವರ ಮಾತುಗಳನ್ನು ಬರೆಯಲಾಗಿದೆ. ಅಲ್ಲಿ ಮಾರ್ಕರ್ ತೆಗೆದರೆ ರೋಲ್‌ಪ್ಲೇ ಆಳವಾಗುವುದಿಲ್ಲ, ದಿಕ್ಕೆಟ್ಟು ಅಲೆಯುವುದಷ್ಟೇ ಹೆಚ್ಚುತ್ತದೆ. ಮಂತ್ರ ಬಲ್ಲ ಪಾತ್ರವಾದರೆ ಕ್ಲೇರ್ವಾಯನ್ಸ್ ಮಂತ್ರ ನೆಲದ ಮೇಲೆ ದಾರಿಯನ್ನು ಬೆಳಗಿಸುತ್ತದೆ. ಮಾರ್ಕರ್ ಬದಲು ಅದನ್ನು ಬಳಸುವುದು ಚಂದದ ಉಪಾಯ.

ಪೂರ್ತಿ ಇಳಿಯುವುದು

ಇಲ್ಲಿ ನಿಯಮ ಕಠಿಣ. ಹಿಂದಿನ ಸೇವ್‌ಗೆ ಮರಳುವಂತಿಲ್ಲ. ಆಡಿದ ಮಾತು ಆಡಿದಂತೆ, ಸತ್ತರೆ ಸತ್ತಂತೆ. ನಿಮಗೆ ಗೊತ್ತಿದ್ದರೂ ಪಾತ್ರಕ್ಕೆ ಗೊತ್ತಿಲ್ಲದ್ದನ್ನು ಬಳಸುವಂತಿಲ್ಲ. ಮೂರರಲ್ಲಿ ಕೊನೆಯದೇ ಅತಿ ಕಷ್ಟ. ಮೊದಲ ಬಾರಿ ಆಡುವಾಗ ಆಟಗಾರನಿಗೂ ಪಾತ್ರಕ್ಕೂ ತಿಳಿವಳಿಕೆ ಸಮಸಮ. ಎರಡನೆಯ ಬಾರಿಗೆ ಯಾವ ಪೆಟ್ಟಿಗೆಯಲ್ಲಿ ಏನಿದೆ, ಯಾರು ದ್ರೋಹ ಮಾಡುತ್ತಾರೆ ಎಂಬುದೆಲ್ಲ ನಿಮಗೆ ಬಾಯಿಪಾಠ. ಆದ್ದರಿಂದ ಹೊಸ ಆಟವನ್ನು ಮೊದಲ ಬಾರಿ ಆಡುವಾಗಲೇ ಪೂರ್ತಿ ಇಳಿಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮೊದಲು ಕಲಿತುಕೊಂಡು ಆಮೇಲೆ ಪಾತ್ರ ಎನ್ನುವವರ ವಾದ ನನಗೆ ಗೊತ್ತು, ಆದರೆ ಗೊತ್ತಿಲ್ಲದಿರುವುದು ಒಂದು ಆಟಕ್ಕೆ ಒಂದೇ ಬಾರಿ ಸಿಗುವ ಸೌಭಾಗ್ಯ.

ಸ್ಕೈರಿಮ್‌ನಲ್ಲಿ ಈ ಆಳಕ್ಕೆ ಒಂದು ಅಡ್ಡಿಯಿದೆ. ಕಥೆ ನಿಮ್ಮನ್ನು ಡ್ರ್ಯಾಗನ್‌ಬಾರ್ನ್, ಅಂದರೆ ಡ್ರ್ಯಾಗನ್‌ನ ಆತ್ಮ ಹೊತ್ತ ವೀರ, ಎಂದು ಮೊದಲೇ ನಿರ್ಧರಿಸಿಬಿಟ್ಟಿದೆ. ಆದರೆ ಅದನ್ನು ಬದಿಗಿಡುವ ದಾರಿಯೂ ಆಟದಲ್ಲಿದೆ. ಆಟ ಆರಂಭವಾಗುವ ಹೆಲ್ಗೆನ್ ಎಂಬ ಊರಿನ ಮೇಲೆ ಡ್ರ್ಯಾಗನ್ ದಾಳಿಯಾದ ನಂತರ ಮುಖ್ಯ ಕಥೆಯನ್ನು ಮುಂದುವರಿಸದೆ, ವೈಟ್‌ರನ್ ನಗರವನ್ನಾಳುವ ಯಾರ್ಲ್ ಬಳಿಗೆ ಹೋಗದೆ ಉಳಿದರೆ, ಬಯಲಿನಲ್ಲಿ ಡ್ರ್ಯಾಗನ್‌ಗಳು ಎರಗುವುದೇ ಇಲ್ಲ. ರಿವರ್‌ವುಡ್‌ನಲ್ಲಿ ಸೌದೆ ಕಡಿದು ಮಾರುವವನಾಗಿ, ಔಷಧಿ ಮಾಡುವವಳಾಗಿ, ವಿದ್ಯಾಲಯದ ವಿದ್ಯಾರ್ಥಿಯಾಗಿ ಬದುಕಬಹುದು. ಹೆಲ್ಗೆನ್‌ನ ಆರಂಭವೇ ಬೇಡವೆನ್ನುವವರಿಗೆ ಆಲ್ಟರ್ನೇಟ್ ಸ್ಟಾರ್ಟ್ ಎಂಬ ಮಾಡ್ (ಅಭಿಮಾನಿಗಳು ಮಾಡಿದ ಸೇರ್ಪಡೆ) ಇದೆ. ಅದರಲ್ಲಿ ಬೇರೆ ಬೇರೆ ಬದುಕುಗಳಿಂದ ಆರಂಭಿಸಬಹುದು.

ಪೂರ್ತಿ ಇಳಿದವರು ದಿನಚರಿ ಬರೆಯುವುದುಂಟು. ಅದನ್ನು ಕನ್ನಡದಲ್ಲಿ, ಕಾಗದದ ಮೇಲೆ ಬರೆಯಿರಿ ಎಂದು ನಾನು ಒತ್ತಾಯ ಮಾಡಿ ಹೇಳುತ್ತೇನೆ. ಆಟದ ಮಾತೆಲ್ಲ ಇಂಗ್ಲಿಷ್. ಅದನ್ನು ಕೇಳುತ್ತ ಇಂಗ್ಲಿಷ್‌ನಲ್ಲೇ ಬರೆದರೆ ಆಟದ ವಾಕ್ಯಗಳೇ ಮತ್ತೆ ಕೈಗೆ ಬರುತ್ತವೆ. ಕನ್ನಡದಲ್ಲಿ ಬರೆದಾಗ ಪಾತ್ರಕ್ಕೆ ಅದರದೇ ದನಿ ಹುಟ್ಟುತ್ತದೆ. ನನ್ನ ಔಷಧಿಗಾತಿಯ ಪುಸ್ತಕದ ಒಂದು ಕಡೆ ಹೀಗಿದೆ: "ಮಾರ್ತಾಲ್‌ನಲ್ಲಿ ಸಂಜೆಗೇ ಮಂಜು ಕವಿಯಿತು. ಜೌಗಿನಲ್ಲಿ ಡೆತ್‌ಬೆಲ್ ಹೂವು ಸಿಕ್ಕಿತು, ಕೀಳಲಿಲ್ಲ. ವಿಷಕ್ಕೆ ಮಾತ್ರ ಬರುವ ಹೂವು ನನಗೇಕೆ? ಕೊಳ್ಳುವವರಿದ್ದಾರೆ, ಬೆಲೆಯೂ ಇದೆ. ಅಜ್ಜಿ ಇದ್ದಿದ್ದರೆ ಏನೆನ್ನುತ್ತಿದ್ದಳು ಎಂದು ಯೋಚಿಸುತ್ತ ಮಲಗಿದೆ." ಅಜ್ಜಿ ಆಟದಲ್ಲಿಲ್ಲ. ಆ ಸಾಲು ಬರೆಯುವವರೆಗೆ ನನ್ನ ತಲೆಯಲ್ಲೂ ಇರಲಿಲ್ಲ. ಮರುದಿನದಿಂದ ಆ ಪಾತ್ರ ಏನು ಮಾರುತ್ತದೆ, ಏನು ಮಾರುವುದಿಲ್ಲ ಎಂಬುದನ್ನು ಅಜ್ಜಿಯೇ ನಿರ್ಧರಿಸತೊಡಗಿದಳು.

ಸೇವ್‌ಗೆ ಮರಳದೆ ಆಡುವವರು ಬೆಂಗಳೂರಿನ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕರೆಂಟ್ ಹೋದಾಗ ಕಂಪ್ಯೂಟರ್ ಆರಿ, ಅರ್ಧ ಗಂಟೆ ಹಿಂದಿನ ಸೇವ್ ಮಾತ್ರ ಉಳಿದರೆ ಅದು ನಿಯಮಭಂಗವಲ್ಲ. ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಇಟ್ಟುಕೊಳ್ಳಿ. ಊರು ಬಿಡುವಾಗಲೆಲ್ಲ ಸೇವ್ ಮಾಡಿ. ಸೇವ್ ಮಾಡುವುದಕ್ಕೆ ಅಡ್ಡಿಯಿಲ್ಲ. ಮಾಡಿದ ತಪ್ಪು ಅಳಿಸಲು ಹಿಂದಕ್ಕೆ ಹೋಗುವುದಕ್ಕಷ್ಟೇ ಅಡ್ಡಿ.

ಈ ಶಿಸ್ತನ್ನು ಆಟವೇ ಹೇರಲಿ ಎನ್ನುವವರಿಗೆ ಎರಡು ಹೆಸರು. 2018ರ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ ಫ್ಯಾಂಟಸಿ ಅಲ್ಲ, 1403ರ, ಯುರೋಪಿನ ಬೊಹೀಮಿಯಾದ ಕಥೆ. ಅದರ ನಾಯಕ ಹೆನ್ರಿಗೆ ಓದಲು ಬರುವುದಿಲ್ಲ. ಲಿಪಿಕಾರನ ಬಳಿ ಕಲಿಯುವವರೆಗೆ ಪುಸ್ತಕದ ಅಕ್ಷರಗಳು ತೆರೆಯ ಮೇಲೆ ಕಲಸಿಹೋಗಿ ಕಾಣುತ್ತವೆ. ಬೇಕೆಂದಾಗ ಸೇವ್ ಮಾಡಲು ಒಂದು ಬಗೆಯ ಮದ್ಯ ಕುಡಿಯಬೇಕು, ಅದಕ್ಕೆ ದುಡ್ಡು ಬೇಕು. ಪಾತ್ರಕ್ಕೆ ಗೊತ್ತಿಲ್ಲದ್ದು ಆಟಗಾರನಿಗೂ ಗೊತ್ತಾಗದಂತೆ ಮಾಡಿದ ಇಷ್ಟು ಪ್ರಾಮಾಣಿಕ ಪ್ರಯತ್ನ ಅಪರೂಪ. ಇನ್ನೊಂದು 2023ರ ಬಾಲ್ಡರ್ಸ್ ಗೇಟ್ 3. ಅದು ಪೂರ್ತಿ ತೆರೆದ ಲೋಕವಲ್ಲ, ಆದರೂ ಪಾತ್ರದ ಹಿನ್ನೆಲೆಗೆ ತಕ್ಕಂತೆ ನಡೆದರೆ ಇನ್‌ಸ್ಪಿರೇಷನ್ ಎಂಬ ಪ್ರತಿಫಲ ಕೊಡುತ್ತದೆ, ಅದನ್ನು ಖರ್ಚು ಮಾಡಿ ಸೋತ ದಾಳವನ್ನು ಮತ್ತೆ ಉರುಳಿಸಬಹುದು. ಅದರ ಆನರ್ ಮೋಡ್‌ನಲ್ಲಿ ಸೇವ್ ಒಂದೇ.

ಬೇರೆಯವರು ಬರೆದ ಪಾತ್ರ

2015ರ ದಿ ವಿಚರ್ 3ರಲ್ಲಿ ನೀವು ಗೆರಾಲ್ಟ್. ಹೆಸರು, ಗಾಯದ ಗುರುತು, ಹಳೆಯ ಪ್ರೇಮ, ಸಾಕುಮಗಳು, ಎಲ್ಲವೂ ಮೊದಲೇ ತೀರ್ಮಾನವಾಗಿವೆ. ಇಲ್ಲಿ ರೋಲ್‌ಪ್ಲೇಗೆ ಜಾಗವಿಲ್ಲ ಎಂಬ ದೂರನ್ನು ಮತ್ತೆ ಮತ್ತೆ ಕೇಳುತ್ತೇನೆ, ಒಪ್ಪುವುದಿಲ್ಲ. ಬೆಂಗಳೂರಿನಲ್ಲೂ ತಾಳಮದ್ದಳೆ ಕೂಟಗಳು ನಡೆಯುತ್ತವೆ. ಒಮ್ಮೆ ಹೋಗಿ ಕುಳಿತು ನೋಡಿ. ಸಂಧಾನ ಮುರಿದು ಬೀಳುತ್ತದೆಂದು ನೆರೆದವರಿಗೆಲ್ಲ ಗೊತ್ತು. ವೇಷವಿಲ್ಲ, ಕುಣಿತವಿಲ್ಲ. ಆದರೂ ಕೌರವನ ಅರ್ಥಧಾರಿ ತನ್ನ ಹಟಕ್ಕೆ ಕೊಡುವ ಕಾರಣ ಕೇಳಲು ಜನ ಗಂಟೆಗಟ್ಟಲೆ ಕೂರುತ್ತಾರೆ, ಒಬ್ಬರ ಕೌರವ ಇನ್ನೊಬ್ಬರ ಕೌರವನಂತಿರುವುದಿಲ್ಲ. ಗೆರಾಲ್ಟ್‌ನನ್ನು ಆಡಿಸುವುದೂ ಹಾಗೆಯೇ.

ಆಟದ ವೆಲೆನ್ ಎಂಬ ಸೀಮೆಯಲ್ಲಿ ಒಂದು ಗುಡ್ಡದ ಮರದಡಿ ಬಂಧಿಯಾದ ಆತ್ಮವೊಂದು ಸಿಗುತ್ತದೆ. ಬಿಡಿಸಿದರೆ ಕೆಲವರು ಬದುಕುತ್ತಾರೆ, ಕೊಂದರೆ ಬೇರೆ ಕೆಲವರು. ಎರಡೂ ಕಡೆ ಯಾರೋ ಬೆಲೆ ತೆರುತ್ತಾರೆ, ಆ ಹೊತ್ತಿಗೆ ಗೆರಾಲ್ಟ್‌ಗೆ ಅದೆಲ್ಲ ತಿಳಿದಿರುವುದಿಲ್ಲ. ಯಾವುದು ಒಳ್ಳೆಯ ಅಂತ್ಯ ಎಂದು ಮೊಬೈಲ್‌ನಲ್ಲಿ ಹುಡುಕಿ ಆರಿಸುವುದು ಒಂದು ಬಗೆ. ರಾಕ್ಷಸ ಬೇಟೆಯೇ ಕಸುಬಾದ ಇವನು ಆ ದನಿಯನ್ನು ನಂಬುತ್ತಾನೆಯೇ ಎಂದು ಕೇಳಿಕೊಂಡು ಆರಿಸುವುದು ಇನ್ನೊಂದು. ಬೇಟೆಗೆ ಮುನ್ನ ಪ್ರಾಣಿಯ ವಿವರ ಓದಿ, ಅದಕ್ಕೆ ತಕ್ಕ ಎಣ್ಣೆಯನ್ನು ಕತ್ತಿಗೆ ಸವರಿ, ಕೂಲಿಗಾಗಿ ಊರಿನವರೊಂದಿಗೆ ಚೌಕಾಸಿ ಮಾಡಿ ಹೊರಡುವುದು ಅದೇ ಬಗೆಯ ಮುಂದುವರಿಕೆ. ಮೊದಲಿನಿಂದ ಪಾತ್ರ ಕಟ್ಟಲು ಕೂತಾಗ ಏನೂ ಹೊಳೆಯುವುದಿಲ್ಲ ಎನ್ನುವವರಿಗೆ ಇದೇ ಸರಿಯಾದ ಬಾಗಿಲು.

ಹಾಗಾದರೆ ಯಾವುದು?

ವಾರದ ದಿನಗಳಲ್ಲಿ ಒಂದು ಗಂಟೆ ಮಾತ್ರ ಸಿಗುವುದಾದರೆ ಸ್ಕೈರಿಮ್, ಎರಡು ಮೂರು ನಿರಾಕರಣೆಗಳು, ಫಾಸ್ಟ್ ಟ್ರಾವೆಲ್ ಬದಲು ಕುದುರೆಗಾಡಿ. ದಣಿದು ಬಂದು ಯೋಚಿಸುವ ಮನಸ್ಸಿಲ್ಲದ ರಾತ್ರಿಗಳೇ ಹೆಚ್ಚಿದ್ದರೆ ವಿಚರ್. ಅಲ್ಲಿ ಕಥೆಯೇ ನಿಮ್ಮನ್ನು ಎಳೆದೊಯ್ಯುತ್ತದೆ. ವಾರಾಂತ್ಯ ಬಿಡುವಿದ್ದು, ಹಳೆಯ ಚಿತ್ರಣಕ್ಕೆ ಬೇಸರವಿಲ್ಲದಿದ್ದರೆ ಮಾರೋವಿಂಡ್, ಪೂರ್ತಿ ಇಳಿದು. ಅದು ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಹೊಸ ಗ್ರಾಫಿಕ್ಸ್ ಕಾರ್ಡ್‌ಗಾಗಿ ಎಸ್‌ಪಿ ರಸ್ತೆ ಅಲೆಯಬೇಕಾಗಿಲ್ಲ. ಕಥೆಗೆ ಅನಿವಾರ್ಯವಾದ ವ್ಯಕ್ತಿಯನ್ನು ಕೊಂದರೂ ಅದು ತಡೆಯುವುದಿಲ್ಲ. ವಿಧಿಯ ಎಳೆ ಹರಿಯಿತು, ಹಳೆಯ ಸೇವ್‌ಗೆ ಮರಳು ಇಲ್ಲವೇ ನೀನೇ ಕೆಡಿಸಿದ ಈ ಲೋಕದಲ್ಲಿ ಮುಂದುವರಿ ಎಂಬ ಅರ್ಥದ ಸೂಚನೆ ತೋರಿಸಿ ಆಟ ಮುಂದುವರಿಯುತ್ತದೆ. ಪಾತ್ರದ ತೀರ್ಮಾನಕ್ಕೆ ಅಷ್ಟು ಗೌರವ ಕೊಟ್ಟ ಆಟಗಳು ಕಡಿಮೆ.

ಆಳವನ್ನು ನಡುವೆ ಬದಲಿಸಬಹುದೇ ಎಂದು ಕೇಳುವವರಿದ್ದಾರೆ. ನಿಯಮ ಸಡಿಲಿಸುವುದಾದರೆ ಕಾರಣ ಪಾತ್ರದ ಕಡೆಯಿಂದ ಬರಲಿ: ಸಂಗಾತಿ ಸತ್ತ ಮೇಲೆ ಪ್ರತಿಜ್ಞೆ ಮುರಿದವಳು, ಹಣ ಕಂಡ ಮೇಲೆ ಹಳೆಯ ಹಟ ಬಿಟ್ಟವನು. ಹಾಗೆ ಮುರಿದ ನಿಯಮ ಕಥೆಯ ಭಾಗವೇ ಆಗುತ್ತದೆ. ಬೇಸರದಿಂದ ಸಡಿಲಿಸಬೇಕೆನಿಸಿದರೆ ಆ ಪಾತ್ರದ ಕೆಲಸ ಮುಗಿದಿದೆ ಎಂದರ್ಥ. ಸ್ಕೈರಿಮ್‌ನಲ್ಲಿ ಮುಖ್ಯ ಕಥೆಯ ಶತ್ರುವಾದ ಡ್ರ್ಯಾಗನ್ ಆಲ್ಡುಯಿನ್‌ನನ್ನು ಸೋಲಿಸುವವರೆಗೆ ಎಳೆಯಲೇಬೇಕೆಂಬ ಕಟ್ಟುಪಾಡಿಲ್ಲ. ಓದಲು ಬಂದವಳು ವಿದ್ಯಾಲಯದಲ್ಲಿ ಕಲಿಯಬೇಕಾದದ್ದನ್ನು ಕಲಿತಿದ್ದರೆ ಅವಳಿಗೆ ಅಲ್ಲೇ ಒಂದು ಕೋಣೆ, ಮೇಜಿನ ಮೇಲೆ ಅವಳ ಪುಸ್ತಕಗಳು, ಒಂದು ಕೊನೆಯ ಸೇವ್. ಆಮೇಲೆ ಹೊಸ ಆಟ ಆರಂಭಿಸಿ, ಅವಳು ಬೇಡವೆಂದ ಬಿಲ್ಲನ್ನು ಈ ಬಾರಿ ಬೇರೆಯವರ ಕೈಗೆ ಕೊಡಿ.